ಓಲ್ಡ್, ಏಜ್ಡ್, ಎಲ್ಡರ್ಲಿ, ಆಂಟಿಕ್: ಯಾವುದನ್ನ ಎಲ್ಲಿ ಹಾಕೋದು ಅಂತ ಮೊದಲು ಕನ್ನಡದಲ್ಲೇ ಕೇಳ್ಕೊಳ್ಳಿ

ಸಾಗರದಲ್ಲಿ ನಂದೊಂದು ಸಣ್ಣ ಜೆರಾಕ್ಸ್ ಅಂಗಡಿ ಇದೆ. ಬೋರ್ಡಲ್ಲಿ ಜೆರಾಕ್ಸ್ ಅಂತಿದ್ರೂ ಹೊಟ್ಟೆ ತುಂಬೋದು ಟೈಪಿಂಗಿಂದ, ಅರ್ಜಿ, ಮದುವೆ ಬಯೋಡೇಟಾ, ಹೋಮ್‌ಸ್ಟೇ ಪಾಂಪ್ಲೆಟ್ಟು, ಹಳೇ ಬೈಕು ಮಾರೋಕೆ ಆನ್‌ಲೈನಲ್ಲಿ ಹಾಕೋ ನಾಲ್ಕು ಸಾಲು, ಎಲ್ಲಾ ಇಂಗ್ಲಿಷಲ್ಲೇ ಬೇಕು ಅಂತಾರೆ ಜನ. ಹೋದ ಮಳೆಗಾಲದಲ್ಲಿ ಹೊಸನಗರ ಕಡೆಯೋರು ಒಬ್ರು ಬಂದು ಒಂದು ಹಾಳೆ ಕೊಟ್ರು, ಮನೇನ ಹೋಮ್‌ಸ್ಟೇ ಮಾಡಿದಾರೆ, ಹಾಳೆ ಮಳೆಗೆ ಅರ್ಧ ನೆಂದಿತ್ತು, ಮೊದಲನೇ ಸಾಲೇ 'ವೆಲ್ಕಮ್ ಟು ಅವರ್ ಏಜ್ಡ್ ಹೌಸ್, ವೀ ಸರ್ವ್ ಓಲ್ಡ್ ಫುಡ್'. ಒಂದ್ಸಲ ಓದಿ ಇನ್ನೊಂದ್ಸಲ ಓದಿದೆ. ಅವ್ರು ಹೇಳಕ್ಕೆ ಹೊರಟಿದ್ದು ಅಜ್ಜನ ಕಾಲದ ತೊಟ್ಟಿ ಮನೆ, ಕೊಟ್ಟೆ ಕಡುಬು, ಕಳಲೆ ಪಲ್ಯ, ಅಪ್ಪೆಹುಳಿ. ಓದೋ ಗೆಸ್ಟಿಗೆ ಕಾಣೋದು ಕೋಲು ಊರ್ಕೊಂಡು ನಿಂತ ಮನೆ, ನಿನ್ನೆ ಮಿಕ್ಕಿದ ಅನ್ನ.

ಇದರಲ್ಲಿ ಅವರ ತಪ್ಪು ಅಂತ ಎಂತದೂ ಇಲ್ಲ ಮಾರಾಯ್ರೇ. ಮೊಬೈಲಲ್ಲಿ 'ಹಳೆಯ' ಅಂತ ಹಾಕಿದ್ರೆ ಹತ್ತು ಇಂಗ್ಲಿಷ್ ಪದ ಸಾಲಾಗಿ ಬರುತ್ತೆ, ಎಲ್ಲಾ ಒಂದೇ ಅಂತ ಅಂದ್ಕೊಂಡು ಚೆನ್ನಾಗಿ ಕಂಡಿದ್ದನ್ನ ಎತ್ಕೋತೀವಿ. ವರ್ಷಗಟ್ಲೆ ಇಂಥದ್ದು ತಿದ್ದಿ ತಿದ್ದಿ ನನಗೆ ಗೊತ್ತಾಗಿದ್ದು ಇಷ್ಟು, ವಯಸ್ಸಿನ ವಿಷಯದಲ್ಲಿ ನಮ್ಮ ಕನ್ನಡವೇ ಆಗ್ಲೇ ಬೇರೆ ಬೇರೆ ಡಬ್ಬಿ ಮಾಡಿ ಇಟ್ಬಿಟ್ಟಿದೆ. ಯಾರಾದ್ರೂ 'ಹಳೇ ಅಜ್ಜ' ಅಂತಾರಾ? 'ಮುದಿ ಮನೆ' ಅಂತಾರಾ? ಮುದಿ ಎತ್ತು ಅಂತೀವಿ, ಹಳೇ ಮನೆ ಅಂತೀವಿ, ಹಿರಿಯ ಮಗ ಅಂತೀವಿ, ಹಳಸಿದ ಸಾರು ಅಂತೀವಿ, ಬಲಿತ ಕಾಯಿ ಅಂತೀವಿ, ಒಂದರ ಜಾಗದಲ್ಲಿ ಇನ್ನೊಂದು ಕೂರಲ್ಲ, ಮೂರು ವರ್ಷದ ಮಗುವಿಗೂ ಇದು ಗೊತ್ತು. ಹಾಗಾಗಿ ಇಂಗ್ಲಿಷ್ ಪದ ಹುಡುಕೋ ಮುಂಚೆ ನಿಮ್ಮ ತಲೇಲಿರೋ ಕನ್ನಡ ಪದ ಯಾವುದು ಅಂತ ಹಿಡ್ಕೊಂಡ್ರೆ ಮುಕ್ಕಾಲು ಕೆಲಸ ಮುಗೀತು. ಕಾಲು ಭಾಗ ಉಳಿಯುತ್ತೆ, ಅದು ಮುಖ್ಯವಾಗಿ 'ಹಿರಿಯ' ಮತ್ತೆ 'ಚಿಕ್ಕ' ಈ ಎರಡು ಪದದಲ್ಲಿ, ಅಲ್ಲಿ ಇಂಗ್ಲಿಷು ನಮಗಿಂತ ಜಾಸ್ತಿ ಸೀಳುತ್ತೆ.

ಮೊದಲನೇ ಹೆಜ್ಜೆ: ಕನ್ನಡ ಪದಾನ ಪೆನ್ನಲ್ಲಿ ಬರ್ಕೊಳ್ಳಿ

ತಮಾಷೆ ಅಲ್ಲ, ಹಾಳೆ ಅಂಚಲ್ಲಿ ನಿಜವಾಗ್ಲೂ ಬರೀರಿ. ಹಳೇ ಅಂತ ಬಂತಾ, ವಯಸ್ಸಾದ ಅಂತಾನಾ, ಹಿರಿಯಾನಾ, ಪ್ರಾಚೀನ ಅಂತಾನಾ, ಮೊದಲಿನ ಅಂತಾನಾ, ಹಳಸಿದ್ದಾ. 'ಮೊದಲಿನ' ಅನ್ನೋದನ್ನ ಬೇಕಂತ್ಲೇ ಸೇರಿಸಿದೀನಿ, ಯಾಕಂದ್ರೆ ನಾವು 'ಹಳೇ' ಅಂದಾಗ ಅರ್ಧ ಸಲ ಹೇಳೋದು ವಯಸ್ಸನ್ನೇ ಅಲ್ಲ, ಮುಂಚೆ ಇತ್ತು ಈಗ ಇಲ್ಲ ಅನ್ನೋದನ್ನ. ನಮ್ಮ ಹಳೇ ಮೇಷ್ಟ್ರು ಅಂದ್ರೆ ಅವ್ರಿಗೆ 40 ಇರಬಹುದು, ನಮಗೆ ಮುಂಚೆ ಪಾಠ ಮಾಡಿದ್ರು ಅಷ್ಟೇ. ಇಂಗ್ಲಿಷಲ್ಲಿ 'ಮೈ ಓಲ್ಡ್ ಟೀಚರ್' ಅಂದ್ರೆ ಎರಡೂ ಅರ್ಥ ಬರುತ್ತೆ, ಓದೋನು ಗಡ್ಡ ಬೆಳ್ಳಗಾದ ಮೇಷ್ಟ್ರನ್ನೂ ನೆನೆಸ್ಕೋಬಹುದು. ಅದಕ್ಕೆ 'ಮೈ ಫಾರ್ಮರ್ (former, ರೈತ ಅಲ್ಲ, ಮುಂಚಿನ ಅಂತ) ಟೀಚರ್' ಅಂತ ಹಾಕಿ, ಗೊಂದಲವೇ ಇಲ್ಲ. ಹಳೇ ವಿದ್ಯಾರ್ಥಿ ಸಂಘಕ್ಕೂ ಹಾಗೇನೇ, 'ಓಲ್ಡ್ ಸ್ಟೂಡೆಂಟ್ಸ್' ಅಂತ ನಮ್ಮ ಕಡೆ ಶಾಲೆ ಬೋರ್ಡುಗಳ ಮೇಲೆ ಇರುತ್ತೆ, ತಪ್ಪೇನಲ್ಲ, 'ಅಲುಮ್ನಿ' ಅಥವಾ 'ಫಾರ್ಮರ್ ಸ್ಟೂಡೆಂಟ್ಸ್' ಅಂದ್ರೆ ಇನ್ನೂ ಸ್ಪಷ್ಟ. ಹಳೇ ಸ್ನೇಹಿತ ಮಾತ್ರ 'ಓಲ್ಡ್ ಫ್ರೆಂಡ್' ಅಂತಲೇ ಇರಲಿ, ಅಲ್ಲಿ ಎರಡೂ ಭಾಷೆ ಒಂದೇ ಥರ ಯೋಚನೆ ಮಾಡುತ್ತೆ, ಹಳೇದು ಅಂದ್ರೆ ಬಹಳ ವರ್ಷದ್ದು. ಅಪ್ಪಿತಪ್ಪಿ 'ಏಜ್ಡ್ ಫ್ರೆಂಡ್' ಅಂತ ಬರೆದ್ರೆ ಸ್ನೇಹಿತನಿಗೆ ಹಲ್ಲು ಬಿದ್ದಂಗೆ.

ಶಿವಮೊಗ್ಗದ್ದೇ ಉದಾಹರಣೆ ತಗೊಳ್ಳಿ. 2014ರ ನವೆಂಬರ್ 1ರಿಂದ ಇಂಗ್ಲಿಷಲ್ಲೂ ಶಿವಮೊಗ್ಗ ಅಂತಲೇ ಆಯ್ತು, ಅಲ್ಲಿವರೆಗೆ ಶಿಮೊಗ ಅಂತಿತ್ತು. ಹಳೇ ದಾಖಲೆ ಜೊತೆ ಹೊಸ ಅರ್ಜಿ ಕೊಡುವಾಗ ಎರಡೂ ಹೆಸರು ಬರೀಬೇಕಾಗುತ್ತೆ, ಆಗ ಒಬ್ಬ ಹುಡುಗ 'ಏನ್ಷಿಯಂಟ್ ನೇಮ್ ಶಿಮೊಗ' ಅಂತ ಟೈಪ್ ಮಾಡ್ಕೊಂಡು ಬಂದಿದ್ದ. ಮಾರಾಯ, ಮೊನ್ನೆ ಮೊನ್ನೆವರೆಗೆ ಬಸ್ಸಿನ ಮೇಲೆ ಇತ್ತಲ್ಲ ಅದು! 'ಶಿವಮೊಗ್ಗ, ಫಾರ್ಮರ್ಲಿ ಶಿಮೊಗ' ಸಾಕು.

ಇದೇ ಪದ ಒಂದ್ಸಲ ಭಾರವಾಗಿ ಬಂತು. ಮುಳುಗಡೆ ಆದ ಕುಟುಂಬದ ಒಬ್ರು ಒಂದು ಮನವಿ ಟೈಪ್ ಮಾಡಿಸೋಕೆ ಬಂದಿದ್ರು, ಶರಾವತಿಗೆ ಲಿಂಗನಮಕ್ಕಿ ಡ್ಯಾಮ್ 1964ರಲ್ಲಿ ಮುಗೀತಲ್ಲ, ಆಗ ಹೋದ ಊರು. 'ನಮ್ಮ ಹಳೇ ಊರು' ಅಂತ ಐದಾರು ಸಲ ಬರೆದಿದ್ರು. ಅದನ್ನ ಓಲ್ಡ್ ವಿಲೇಜ್ ಅಂದ್ರೆ ಇನ್ನೂ ಅಲ್ಲೇ ಇದೆ, ಸ್ವಲ್ಪ ಹಳೇದಾಗಿದೆ ಅನ್ನೋ ಥರ ಕೇಳುತ್ತೆ, ಫಾರ್ಮರ್ ವಿಲೇಜ್ ಅಂದ್ರೆ ಊರೇ ಊರಾಗಿ ಉಳೀಲಿಲ್ವೇನೋ ಅನ್ಸುತ್ತೆ. ಕೊನೆಗೆ 'ಅವರ್ ಒರಿಜಿನಲ್ ವಿಲೇಜ್, ನೌ ಅಂಡರ್ ವಾಟರ್' ಅಂತ ಹಾಕಿದೆ, ಅವ್ರು ಓದಿ ಹೂಂ ಅಂದ್ರು ಅಷ್ಟೇ.

ಎರಡನೇ ಹೆಜ್ಜೆ: ಮನುಷ್ಯರಾದ್ರೆ ಮರ್ಯಾದೆ ಎಷ್ಟು ಅಂತ ನೋಡಿ

ಮುದುಕ, ವಯಸ್ಸಾದೋರು, ವೃದ್ಧರು, ಹಿರಿಯರು. ಈ ನಾಲ್ಕರಲ್ಲಿ ನಿಮ್ಮ ಅಪ್ಪನ ಬಗ್ಗೆ ಬೇರೆಯೋರು ಯಾವುದು ಅಂದ್ರೆ ನಿಮಗೆ ಸಿಟ್ಟು ಬರುತ್ತೆ? ಅದೇ ಮೆಟ್ಟಿಲು ಇಂಗ್ಲಿಷಲ್ಲೂ ಇದೆ. 'ಓಲ್ಡ್ ಮ್ಯಾನ್' ಅಂದ್ರೆ ಹೆಚ್ಚುಕಮ್ಮಿ ಮುದುಕ, ಕಥೆ ಹೇಳುವಾಗ ನಡೆಯುತ್ತೆ, ಎದುರಿಗೆ ಇದ್ದೋರ ಬಗ್ಗೆ ಹೇಳುವಾಗ ಚೂರು ಒರಟು. 'ಎಲ್ಡರ್ಲಿ' ಅಂದ್ರೆ ವಯಸ್ಸಾದೋರು, ಮರ್ಯಾದೆ ಇದೆ, ಜೊತೆಗೆ ಸ್ವಲ್ಪ ಮೆತ್ತಗಾಗಿದಾರೆ ಅನ್ನೋ ನೆರಳೂ ಇದೆ. ಅದಕ್ಕೇ ಬೆಳಿಗ್ಗೆ ಐದಕ್ಕೆ ಎದ್ದು ಗುಡ್ಡ ಹತ್ತಿ ಸೊಪ್ಪು ತರೋ 65ರ ಅಜ್ಜಿಗೆ ಎಲ್ಡರ್ಲಿ ಅಂತ ಬರೆದ್ರೆ ನನಗ್ಯಾಕೋ ಸರಿ ಬರಲ್ಲ. ಹೊರದೇಶದ ಪತ್ರಿಕೆಗಳು, ಡಾಕ್ಟರ ಜರ್ನಲ್ಲುಗಳೂ ಇದೇ ಕಾರಣಕ್ಕೆ ಈಗ 'ಓಲ್ಡರ್ ಅಡಲ್ಟ್ಸ್', 'ಓಲ್ಡರ್ ಪೀಪಲ್' ಕಡೆ ಹೋಗಿದಾವೆ. ವಿಶ್ವಸಂಸ್ಥೆ 1990ರಲ್ಲಿ ಅಕ್ಟೋಬರ್ 1ನ್ನ ಹಿರಿಯರ ದಿನ ಅಂತ ಮಾಡಿದಾಗ ಇಂಗ್ಲಿಷ್ ಹೆಸರಲ್ಲಿ 'ಎಲ್ಡರ್ಲಿ' ಅಂತಲೇ ಇತ್ತು, ಆಮೇಲೆ ಅದನ್ನೂ 'ಓಲ್ಡರ್ ಪರ್ಸನ್ಸ್' ಅಂತ ಬದಲಾಯಿಸಿದ್ರು. ಓಲ್ಡ್‌ಗಿಂತ ಓಲ್ಡರ್ ಮೆತ್ತಗೆ ಕೇಳೋದು ವಿಚಿತ್ರ, ಲೆಕ್ಕದ ಪ್ರಕಾರ ಜಾಸ್ತಿ ವಯಸ್ಸಾಗ್ಬೇಕಿತ್ತು, ಆದ್ರೆ ಹಾಗೇ ಇದೆ.

'ಎಲ್ಡರ್ಲಿ'ಗೆ ಎಸ್ ಸೇರಿಸಿ 'ಎಲ್ಡರ್ಲೀಸ್' ಮಾಡಬೇಡಿ, ಅಂಥ ಪದ ಇಲ್ಲ. 'ದಿ ಎಲ್ಡರ್ಲಿ' ಅಂದ್ರೇನೇ ಬಹುವಚನ. ಊರ ಹಿರಿಯರು ಅನ್ನೋದಕ್ಕೆ ಬೇಕಾಗಿರೋದು 'ವಿಲೇಜ್ ಎಲ್ಡರ್ಸ್', ಅದು ಬೇರೆ ಪದ, ಅಲ್ಲಿ ಎಸ್ ಬರುತ್ತೆ.

'ಸೀನಿಯರ್ ಸಿಟಿಜನ್' ಅನ್ನೋದು ಕಾನೂನಿನ ಪದ, ಮರ್ಯಾದೆಯ ಪ್ರಶ್ನೆ ಅಲ್ಲ, ನಂಬರಿನ ಪ್ರಶ್ನೆ. ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆ ಪ್ರಕಾರ 60 ಆಗಿರ್ಬೇಕು, ಇನ್ಕಮ್ ಟ್ಯಾಕ್ಸಲ್ಲೂ 60, ಅಲ್ಲಿ 80 ದಾಟಿದ್ರೆ 'ಸೂಪರ್ ಸೀನಿಯರ್' ಅಂತ ಇನ್ನೊಂದು ಮೆಟ್ಟಿಲು. ಅರ್ಜಿಯಲ್ಲಿ ಕಂತು, ರಿಯಾಯಿತಿ, ಪೆನ್ಶನ್ ವಿಷಯ ಇದ್ರೆ ಈ ಪದವೇ ಹಾಕಿ, 'ಐ ಆಮ್ ಓಲ್ಡ್ ಮ್ಯಾನ್' ಅಂತ ಬರೆದು ಕನಿಕರ ಕೇಳೋದಕ್ಕಿಂತ 'ಐ ಆಮ್ ಎ ಸೀನಿಯರ್ ಸಿಟಿಜನ್, ಏಜ್ಡ್ ಸಿಕ್ಸ್ಟಿ ಎಯ್ಟ್' ಅನ್ನೋದು ಹಕ್ಕು ಕೇಳಿದಂಗಿರುತ್ತೆ. 'ಓಲ್ಡ್ ಏಜ್ ಪೆನ್ಶನ್', 'ಓಲ್ಡ್ ಏಜ್ ಹೋಮ್' ಇವು ಗಟ್ಟಿಯಾಗಿ ಅಂಟಿಕೊಂಡ ಜೋಡಿಗಳು, ಮರ್ಯಾದೆ ಕೊಡೋಕೆ ಹೋಗಿ 'ಎಲ್ಡರ್ಲಿ ಏಜ್ ಪೆನ್ಶನ್' ಅಂತ ಮಾಡಿದ್ರೆ ಗುಮಾಸ್ತರಿಗೆ ಯಾವ ಸ್ಕೀಮು ಅಂತಲೇ ಗೊತ್ತಾಗಲ್ಲ.

ಈಗ 'ಏಜ್ಡ್'. ಇದು ಎರಡು ತಲೆ ಹಾವು. ನಂಬರಿನ ಜೊತೆ ಬಂದ್ರೆ ಒಂದೇ ಉಸಿರಲ್ಲಿ ಏಜ್ಡ್, 'ಏಜ್ಡ್ ಸಿಕ್ಸ್ಟಿ'. ವ್ಯಕ್ತಿ ಮುಂದೆ ನಿಂತ್ರೆ ಎರಡು ತುಂಡಾಗಿ ಏಜಿಡ್, 'ಎನ್ ಏಜಿಡ್ ಮ್ಯಾನ್', 'ಹೋಮ್ ಫಾರ್ ದಿ ಏಜಿಡ್'. ಬರೆಯೋಕೆ ಎರಡೂ ಒಂದೇ ಅಕ್ಷರ, ಓದೋಕೆ ಬೇರೆ. ಇಂಟರ್ವ್ಯೂಗೆ ಹೋಗೋ ಮಕ್ಕಳು ಇದನ್ನ ಬಾಯಲ್ಲಿ ನಾಲ್ಕು ಸಲ ಹೇಳಿ ರೂಢಿ ಮಾಡ್ಕೊಳ್ಳಿ. ಏಜಿಡ್ ಅನ್ನೋದು ತುಂಬಾ ವಯಸ್ಸಾದ, ಹಣ್ಣು ಹಣ್ಣಾದ ಅನ್ನೋ ಹಾಗೆ, ಮಾತಲ್ಲಿ ಜಾಸ್ತಿ ಬರಲ್ಲ, ಪತ್ರದಲ್ಲಿ 'ಮೈ ಏಜಿಡ್ ಪೇರೆಂಟ್ಸ್' ಅಂತ ಬರುತ್ತೆ, ಟ್ರಾನ್ಸ್‌ಫರ್ ಕೇಳೋ ಪ್ರತಿ ಅರ್ಜಿಯಲ್ಲೂ ಈ ಪೇರೆಂಟ್ಸ್ ಇದ್ದೇ ಇರ್ತಾರೆ!

ಮೂರನೇ ಹೆಜ್ಜೆ: 'ಹಿರಿಯ' ಬಂದ್ರೆ ನಿಲ್ಲಿ, ಅವಸರ ಮಾಡಬೇಡಿ

ನನ್ನ ಅಂಗಡೀಲಿ ಅತಿ ಹೆಚ್ಚು ತಿದ್ದೋದು ಇದನ್ನೇ, ಅದೂ ಮದುವೆ ಬಯೋಡೇಟಾದಲ್ಲಿ. 'ಮೈ ಬ್ರದರ್ ಈಸ್ ಎಲ್ಡರ್ ಟು ಮೀ'. ನೂರಕ್ಕೆ ತೊಂಬತ್ತು ಜನ ಹೀಗೇ ಬರೀತಾರೆ ಅಂತ ಅನ್ಸುತ್ತೆ ನನಗೆ, ನಾನೂ ಡಿಗ್ರಿ ಮುಗಿಯೋವರೆಗೂ ಹೀಗೇ ಹೇಳ್ತಿದ್ದೆ. ಇದು ಬಂದ ದಾರಿ ನೋಡಿ: 'ಸೀನಿಯರ್', 'ಜೂನಿಯರ್' ಇವು ಲ್ಯಾಟಿನ್‌ನಿಂದ ಬಂದ ಪದ, ಅವುಗಳ ಜೊತೆ 'ಟು' ಬರುತ್ತೆ, ಅದನ್ನ ಶಾಲೇಲಿ ಬಾಯಿಪಾಠ ಮಾಡ್ಸಿರ್ತಾರೆ. ಆ 'ಟು'ವನ್ನ ಎತ್ತಿ ನಾವು ಎಲ್ಡರ್‌ಗೂ ಅಂಟಿಸಿಬಿಟ್ವಿ. ಎಲ್ಡರ್ ಅನ್ನೋದು ಹೋಲಿಕೆ ಸಾಲಿಗೆ ಬಗ್ಗೋದೇ ಇಲ್ಲ, ಟು-ನೂ ಇಲ್ಲ ದ್ಯಾನ್-ನೂ ಇಲ್ಲ. ನನಗಿಂತ ದೊಡ್ಡೋನು ಅಂತ ಹೇಳ್ಬೇಕಾದ್ರೆ 'ಹೀ ಈಸ್ ಓಲ್ಡರ್ ದ್ಯಾನ್ ಮೀ'. ಎಲ್ಡರ್‌ನ ಜಾಗ ಸಂಬಂಧದ ಮುಂದೆ, ಎಲ್ಡರ್ ಬ್ರದರ್, ಎಲ್ಡರ್ ಸಿಸ್ಟರ್, ಎಲ್ಡರ್ ಸನ್, ಅಷ್ಟೇ.

ನೆನಪಿಟ್ಕೊಳ್ಳೋಕೆ ನಾನು ಹೇಳೋ ಉಪಾಯ ಒಂದಿದೆ: 'ಅಣ್ಣ' ಅನ್ನೋ ಒಂದೇ ಪದಕ್ಕೆ ಇಂಗ್ಲಿಷಲ್ಲಿ ಎಲ್ಡರ್ ಬ್ರದರ್, 'ನನಗಿಂತ ದೊಡ್ಡೋನು' ಅನ್ನೋ ಮಾತಿಗೆ ಓಲ್ಡರ್ ದ್ಯಾನ್. ವಾಕ್ಯದಲ್ಲಿ 'ಗಿಂತ' ಕಂಡ್ರೆ ಓಲ್ಡರ್. ಇಷ್ಟೇ, ಇನ್ನೇನೂ ಬೇಡ.

ಇಬ್ಬರೇ ಮಕ್ಕಳಿದ್ರೆ ದೊಡ್ಡೋನು 'ದಿ ಎಲ್ಡರ್', ಮೂರು ಮತ್ತು ಮೇಲೆ ಇದ್ರೆ 'ದಿ ಎಲ್ಡೆಸ್ಟ್'. ಎರಡನೇ ಅಣ್ಣನಿಗೆ 'ಸೆಕೆಂಡ್ ಎಲ್ಡರ್ ಬ್ರದರ್' ಅಂತ ಬರೆಯೋದಿದೆ, ನಮಗೆ ಅರ್ಥ ಆಗುತ್ತೆ, ಹೊರಗಿನೋರಿಗೆ ತಲೆ ತಿರುಗುತ್ತೆ, 'ದಿ ಸೆಕೆಂಡ್ ಆಫ್ ಫೋರ್ ಬ್ರದರ್ಸ್' ಅಂದ್ರೆ ಬೀಗರಿಗೂ ಲೆಕ್ಕ ಸಿಗುತ್ತೆ. ಕಡೇ ಮಗ 'ಲಾಸ್ಟ್ ಸನ್' ಅಲ್ಲ, 'ಯಂಗೆಸ್ಟ್ ಸನ್'.

ಮನೆಗೆ, ಮರಕ್ಕೆ, ದೇವಸ್ಥಾನಕ್ಕೆ ಎಲ್ಡರ್ ಬರಲ್ಲ. ಎರಡು ಮನೆಯಲ್ಲಿ ಹಳೇದು ಅಂದ್ರೆ 'ದಿ ಓಲ್ಡರ್ ಹೌಸ್'.

ಆಫೀಸಲ್ಲಿ ಹಿರಿಯರು ಅಂದ್ರೆ 'ಸೀನಿಯರ್', ಅಲ್ಲಿ ವಯಸ್ಸು ಲೆಕ್ಕಕ್ಕಿಲ್ಲ, ಸರ್ವೀಸು ಲೆಕ್ಕ. 28ರ ಹುಡುಗಿ 50ರೋರಿಗೆ ಸೀನಿಯರ್ ಆಗಿರಬಹುದು, 'ಶೀ ಈಸ್ ಸೀನಿಯರ್ ಟು ಮೀ', ಇಲ್ಲಿ ಟು ಸರಿ. ಇನ್ನು ಯಕ್ಷಗಾನದ ಹಿರಿಯ ಭಾಗವತರು ಅಂತ ಇನ್ವಿಟೇಶನಲ್ಲಿ ಬರುತ್ತಲ್ಲ, ಅದಕ್ಕೆ 'ವೆಟರನ್' ಚಂದ, ಬಹಳ ವರ್ಷ ಆ ಕೆಲಸದಲ್ಲಿ ಪಳಗಿದೋರು ಅಂತ. ಒಂದ್ಸಲ ಯಾರೋ ಇಂಗ್ಲಿಷ್ ಕಾರ್ಡಲ್ಲಿ 'ಎಲ್ಡರ್ಲಿ ಭಾಗವತ' ಅಂತ ಹಾಕಿಸಿದ್ರು, ಆ ಮನುಷ್ಯ ರಾತ್ರಿಯಿಡೀ ಕೂತು ಬೆಳಗಿನ ಜಾವದವರೆಗೆ ಹಾಡ್ತಾರೆ, ಅವ್ರಿಗೆ ಪಾಪದೋರು ಅನ್ನೋ ಪದ! ಅಮೆರಿಕಾದೋರು ಓದೋದಾದ್ರೆ ಮಾತ್ರ ಒಂಚೂರು ಹುಷಾರು, ಅಲ್ಲಿ ಬರೀ ವೆಟರನ್ ಅಂದ್ರೆ ಮಿಲಿಟರಿಯಲ್ಲಿ ಇದ್ದು ಬಂದೋರು ಅಂತ, 'ವೆಟರನ್ ಆರ್ಟಿಸ್ಟ್' ಅಂತ ಬಾಲ ಸೇರಿಸಿದ್ರೆ ತೊಂದರೆ ಇಲ್ಲ.

ನಾಲ್ಕನೇ ಹೆಜ್ಜೆ: ವಸ್ತುವಾದ್ರೆ, ಹಳೇದಾಗಿ ಬೆಲೆ ಏರಿತಾ ಇಳೀತಾ?

ಇದೊಂದು ಪ್ರಶ್ನೆ ಕೇಳ್ಕೊಂಡ್ರೆ ಪದಗಳು ತಾವಾಗೇ ಎರಡು ಗುಂಪಾಗ್ತವೆ. ಬೆಲೆ ಇಳೀತು ಅಂದ್ರೆ ಯೂಸ್ಡ್, ಸೆಕೆಂಡ್ ಹ್ಯಾಂಡ್, ಔಟ್‌ಡೇಟೆಡ್, ವೋರ್ನ್ ಔಟ್. ಏರಿತು ಅಂದ್ರೆ ಆಂಟಿಕ್, ವಿಂಟೇಜ್, ಕ್ಲಾಸಿಕ್, ಏಜ್ಡ್. ಏರಿದ್ದೂ ಇಲ್ಲ ಇಳಿದಿದ್ದೂ ಇಲ್ಲ, ಸುಮ್ನೆ ಹಳೇದು ಅಂದ್ರೆ ಓಲ್ಡ್, ಕಣ್ಣು ಮುಚ್ಚಿ ಹಾಕಿ, ಎಲ್ಲಾ ಕಡೆ ನಡೆಯೋ ನಾಣ್ಯ ಅದು.

ಆಂಟಿಕ್ ವಿಷಯದಲ್ಲಿ ಜನ ಧಾರಾಳ. ಅಟ್ಟದ ಮೇಲಿಂದ ಹಿತ್ತಾಳೆ ತೂಗುದೀಪ ಇಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಿ, ಫೋಟೋ ಹೊಡೆದು 'ಆಂಟಿಕ್ ಲ್ಯಾಂಪ್ ಫಾರ್ ಸೇಲ್' ಅಂತ ಹಾಕ್ಸೋಕೆ ಬರ್ತಾರೆ. ನಾನು ಮೊದಲು ಕೇಳೋದು, ಎಷ್ಟು ವರ್ಷದ್ದು? ಅಮ್ಮನ ಮದುವೇಲಿ ಕೊಟ್ಟಿದ್ದು ಅಂದ್ರೆ ಅದು 'ಓಲ್ಡ್ ಬ್ರಾಸ್ ಲ್ಯಾಂಪ್' ಅಥವಾ 'ವಿಂಟೇಜ್' ಅಷ್ಟೇ. ಆಂಟಿಕ್ ಅಂದ್ರೆ ಸಾಮಾನ್ಯವಾಗಿ 100 ವರ್ಷ ದಾಟಿರ್ಬೇಕು ಅನ್ನೋದು ವ್ಯಾಪಾರದೋರ ಲೆಕ್ಕ. ನಮ್ಮ ದೇಶದಲ್ಲಿ ಇದಕ್ಕೆ ಕಾನೂನೂ ಇದೆ, 1972ರ ಪುರಾತನ ವಸ್ತುಗಳ ಕಾಯ್ದೆ, ಅದರಲ್ಲಿ ಶಿಲ್ಪ, ಕಲಾಕೃತಿ ಥರದ್ದು 100 ವರ್ಷ ಆಗಿದ್ರೆ 'ಆಂಟಿಕ್ವಿಟಿ', ಬೆಲೆಯಿರೋ ಹಸ್ತಪ್ರತಿ ಆದ್ರೆ 75 ವರ್ಷಕ್ಕೇ. ಅಂಥದ್ದನ್ನ ವ್ಯಾಪಾರ ಮಾಡೋಕೆ ಲೈಸೆನ್ಸ್ ಬೇಕು, ಹೊರದೇಶಕ್ಕೆ ಖಾಸಗಿಯೋರು ಕಳಿಸೋಹಾಗೇ ಇಲ್ಲ. ಅಂದ್ಮೇಲೆ ಬೆಲೆ ಬರಲಿ ಅಂತ ಸುಮ್ನೆ ಆಂಟಿಕ್ ಅಂತ ಬರೆದು, ಮೇಲೆ ನೂರೈವತ್ತು ವರ್ಷದ್ದು ಅಂತ ಬೂಸಿ ಬಿಟ್ರೆ, ನಿಮ್ಮ ಸುಳ್ಳೇ ನಿಮ್ಮನ್ನ ಸಿಕ್ಕಿಸುತ್ತೆ. ಮನೇಲಿ ತಾಳೆಗರಿ ಕಟ್ಟು ಇದ್ದೋರಂತೂ ಮಾರೋ ಯೋಚನೆಗೆ ಮುಂಚೆ ವಿಚಾರಿಸ್ಕೊಳ್ಳಿ.

ವಿಂಟೇಜ್ ಮೂಲದಲ್ಲಿ ವೈನಿನ ಪದ, ಯಾವ ವರ್ಷದ ದ್ರಾಕ್ಷಿ ಅಂತ ಹೇಳೋದು. ಅಲ್ಲಿಂದ ಬಟ್ಟೆ, ಗಡಿಯಾರ, ಕಾರಿಗೆಲ್ಲ ಬಂತು, ಅರ್ಥ ಏನಪ್ಪಾ ಅಂದ್ರೆ ಒಂದು ಕಾಲದ ಗುರುತು ಚೆನ್ನಾಗಿ ಉಳಿಸ್ಕೊಂಡಿರೋದು. ಗಾಡಿ ಮಾರೋರು ಗಮನಿಸಿ, 2021ರಲ್ಲಿ ಕೇಂದ್ರದ ಮೋಟಾರ್ ವಾಹನ ನಿಯಮದಲ್ಲಿ ವಿಂಟೇಜ್ ಅಂದ್ರೆ ಮೊದಲ ರಿಜಿಸ್ಟ್ರೇಶನ್ ಆಗಿ 50 ವರ್ಷ ದಾಟಿರೋ ಟೂ ವೀಲರ್, ಫೋರ್ ವೀಲರ್ ಅಂತ ಮಾಡಿದಾರೆ, ಮೂಲ ರೂಪ ಬದಲಾಗಿರಬಾರದು, ನಂಬರ್ ಪ್ಲೇಟಲ್ಲಿ 'ವಿಎ' ಅಂತ ಬರುತ್ತೆ, ದಿನಾ ಪೇಟೆಗೆ ಓಡಿಸೋಕಿಲ್ಲ. ಮೈಸೂರಲ್ಲಿ ಜಾವಾ, ಯೆಜ್ಡಿ ತಯಾರಾಗ್ತಿದ್ದಿದ್ದು 1961ರಿಂದ 1996ರವರೆಗೆ, ಅಂದ್ರೆ ಶುರುವಿನ ಜಾವಾ 50 ದಾಟಿದೆ, 1985ರ ಯೆಜ್ಡಿ ಇನ್ನೂ ಮುಟ್ಟಿಲ್ಲ. ಅದಕ್ಕೆ 'ಕ್ಲಾಸಿಕ್' ಅಂತ ಹಾಕಿ, ಬೆಲೆಗೆ ಕಡಿಮೆ ಆಗಲ್ಲ, ಕೊಳ್ಳೋನು ಜಗಳಕ್ಕೂ ಬರಲ್ಲ.

'ಏನ್ಷಿಯಂಟ್' ಇದೆಯಲ್ಲ, ಇದು ಪ್ರವಾಸಿ ಪಾಂಪ್ಲೆಟ್ಟಿನ ರೋಗ. ನಮ್ಮ ತಾಲೂಕಲ್ಲಿ ಕಲ್ಲು ಎಲ್ಲಿ ಕಂಡ್ರೂ ಏನ್ಷಿಯಂಟ್. ಯೂರೋಪಿನ ಚರಿತ್ರೆ ಪುಸ್ತಕದಲ್ಲಿ 476ರಲ್ಲಿ ಪಶ್ಚಿಮ ರೋಮ್ ಬಿದ್ದಿದ್ದು ಏನ್ಷಿಯಂಟ್ ಕಾಲದ ಗಡಿ ಅಂತ ಹಿಡೀತಾರೆ. ಆ ಲೆಕ್ಕದಲ್ಲಿ ಶಿಕಾರಿಪುರ ತಾಲೂಕಿನ ತಾಳಗುಂದದ ಸ್ತಂಭ ಶಾಸನ, ಕದಂಬರದ್ದು, 5ನೇ ಶತಮಾನದ್ದು, ಅದಕ್ಕೆ ಏನ್ಷಿಯಂಟ್ ಅಂತ ಎದೆ ತಟ್ಟಿ ಹೇಳಿ. ಇಕ್ಕೇರಿ ಅಘೋರೇಶ್ವರ 16ನೇ ಶತಮಾನದ್ದು, ಕೆಳದಿ ಅರಸರು 1499ರಿಂದ 1763ರವರೆಗೆ ಇದ್ದೋರು, ಅಲ್ಲಿಗೆ 'ಹಿಸ್ಟಾರಿಕ್' ಅಥವಾ 'ಸೆಂಚುರೀಸ್ ಓಲ್ಡ್' ಸರಿಯಾಗಿ ಕೂರುತ್ತೆ. ಮಾತಿಗೆ ಏನ್ಷಿಯಂಟ್ ಟೆಂಪಲ್ ಅಂದ್ರೆ ಯಾರೂ ಹಿಡ್ಕೊಂಡು ಹೊಡೆಯಲ್ಲ ಬಿಡಿ, ಆದ್ರೆ ಅಜ್ಜ ಕಟ್ಟಿಸಿದ ಮನೆಗೆ ಅದು ಜಾಸ್ತಿ ಆಯ್ತು. ಹೊಸನಗರದೋರಿಗೆ ನಾನು ಮನೆ ಯಾವಾಗ ಕಟ್ಟಿದ್ದು ಅಂತ ಕೇಳಿದೆ, ಮಾವಿನ ಮರದ ತೊಲೆ ಮೇಲೆ ಇಸವಿ ಕೆತ್ತಿದಾರಂತೆ, ಅಲ್ಲಿಗೆ ಫೋನ್ ಮಾಡಿ ಮಗಳ ಹತ್ರ ಓದಿಸಿದ್ರು, 1921. ಮುಗೀತಲ್ಲ, 'ಅವರ್ ಫ್ಯಾಮಿಲಿ ಹೌಸ್, ಬಿಲ್ಟ್ ಇನ್ 1921'. ಇಸವಿ ಗೊತ್ತಿದ್ದಾಗ ವಿಶೇಷಣವೇ ಬೇಡ. ಓಲ್ಡ್ ಫುಡ್ ಹೋಗಿ 'ಟ್ರೆಡಿಷನಲ್ ಮಲ್ನಾಡ್ ಫುಡ್' ಆಯ್ತು. ಸಂಪ್ರದಾಯ, ಪದ್ಧತಿ, ನಂಬಿಕೆ ಇಂಥವಕ್ಕೆ 'ಏಜ್ ಓಲ್ಡ್' ಅಂತ ಒಂದು ಜೋಡಿ ಪದ ಇದೆ, ತಲತಲಾಂತರದಿಂದ ಬಂದಿದ್ದು ಅಂತ, ಅದನ್ನ ಮನುಷ್ಯರಿಗೆ ಹಚ್ಚಬೇಡಿ.

ಐದನೇ ಹೆಜ್ಜೆ: ಅಡುಗೆಮನೆ, ತೋಟ

ಹೋಮ್‌ಸ್ಟೇಯೋರು, ಉಪ್ಪಿನಕಾಯಿ ಮಾರೋರು ಇದನ್ನ ಬಿಡಬೇಡಿ. ತಂಗಳನ್ನ ಅಂದ್ರೆ 'ಲೆಫ್ಟೋವರ್ ರೈಸ್', ಕೆಟ್ಟಿಲ್ಲ, ಬರೀ ನಿನ್ನೇದು. ಹಳಸಿದ್ದು ಅಂದ್ರೆ 'ಸ್ಪಾಯಿಲ್ಡ್'. 'ಸ್ಟೇಲ್' ಅನ್ನೋದು ಬ್ರೆಡ್ಡು ಗಟ್ಟಿಯಾಗಿ, ಚಿಪ್ಸು, ಅವಲಕ್ಕಿ ಗಾಳಿಗೆ ಮೆತ್ತಗಾಗಿ ರುಚಿ ಹೋಗೋದಕ್ಕೆ. ಕಮಟು ಹೋದ ಕೊಬ್ಬರಿ, ಎಣ್ಣೆಗೆ 'ರಾನ್ಸಿಡ್' ಅಂತ ಬೇರೆ ಪದವೇ ಇದೆ. ಹಳೇ ಅಕ್ಕಿ ಮಾತ್ರ ಹೊಗಳಿಕೆ, ಅನ್ನ ಉದುರುದುರಾಗುತ್ತೆ, ಅದಕ್ಕೆ ಬಾಸ್ಮತಿ ಚೀಲದ ಮೇಲೆ ಅಚ್ಚು ಹಾಕಿರ್ತಾರಲ್ಲ 'ಏಜ್ಡ್' ಅಂತ, ಅದೇ, ಇಲ್ಲಿ ಒಂದೇ ಉಸಿರಲ್ಲಿ ಏಜ್ಡ್. ಎರಡು ವರ್ಷ ಭರಣಿಯಲ್ಲಿ ಇದ್ದು ಕಳಿತ ಮಿಡಿ ಉಪ್ಪಿನಕಾಯಿಗೂ ಹೀಗೆ ಹೇಳಬಹುದು, 'ಓಲ್ಡ್ ಪಿಕಲ್' ಅಂದ್ರೆ ಮಾತ್ರ ಒಂದು ಬಾಟಲೂ ಖರ್ಚಾಗಲ್ಲ.

ಎಳೇದು ಬಂದ್ರೆ ಇಂಗ್ಲಿಷು ಒಡೆಯುತ್ತೆ. ಎಳನೀರು, ಮಾವಿನ ಮಿಡಿ, ಎಳೆ ಬೆಂಡೆಕಾಯಿಗೆ 'ಟೆಂಡರ್', ಎಳೆ ಗಿಡಕ್ಕೆ 'ಯಂಗ್', ಎಳೇ ಮಗುವಿಗೆ 'ನ್ಯೂಬಾರ್ನ್'. ಬಲಿತ ತೆಂಗಿನಕಾಯಿ 'ಮೆಚ್ಯೂರ್', ಬಲಿತ ಬೆಂಡೆಕಾಯಿ 'ಟಫ್', ಮೆಚ್ಯೂರ್ ಬೆಂಡೆಕಾಯಿ ಅಂದ್ರೆ ಏನೋ ಬುದ್ಧಿ ಬಂದಿರೋ ಥರ. ಅಡಿಕೆ ಹಣ್ಣಾದ್ರೆ 'ರೈಪ್'.

ಮೆಚ್ಯೂರ್ ಪದಕ್ಕೆ ನಮ್ಮ ಕಡೆ ಇನ್ನೊಂದು ತೊಡಕಿದೆ. 'ಹುಡುಗಿ ಮೆಚ್ಯೂರ್ ಆದ್ಲು' ಅಂದ್ರೆ ಮೈನೆರೆದಳು ಅಂತ, ಎಫ್‌ಡಿ ಮೆಚ್ಯೂರ್ ಆಯ್ತು ಅಂದ್ರೆ ದುಡ್ಡು ಬಂತು ಅಂತ. ಇಂಗ್ಲಿಷ್ ಬಯೋಡೇಟಾದಲ್ಲಿ 'ಶೀ ಈಸ್ ಮೆಚ್ಯೂರ್' ಅಂದ್ರೆ ತಿಳುವಳಿಕೆಯೋಳು ಅಂತ ಓದ್ಕೋತಾರೆ, ಒಳ್ಳೇದೇ, ಆದ್ರೆ 'ಮೆಚ್ಯೂರ್ಡ್' ಅಂತ ಡಿ ಸೇರಿಸಬೇಡಿ, ಊರಿನೋರ ಅರ್ಥ ಅದರ ಹಿಂದೆನೇ ಬರುತ್ತೆ.

ಆರನೇ ಹೆಜ್ಜೆ: ಚಿಕ್ಕೋರು

ಬೇಗ ಮುಗಿಸ್ತೀನಿ. ಚಿಕ್ಕ ಮಗ 'ಸ್ಮಾಲ್ ಸನ್' ಅಲ್ಲ, ಹಾಗಂದ್ರೆ ಕುಳ್ಳ. 'ಯಂಗರ್ ಸನ್'. ಒಂದು ವರ್ಷ ತುಂಬೋವರೆಗೆ 'ಇನ್ಫಂಟ್', ತಟ್ಟಾಡ್ತಾ ನಡೆಯೋ ವಯಸ್ಸಿಗೆ 'ಟಾಡ್ಲರ್', 13ರಿಂದ 19 'ಟೀನೇಜರ್', ಯಾಕಂದ್ರೆ ಆ ನಂಬರುಗಳ ಬಾಲದಲ್ಲೇ ಟೀನ್ ಇದೆ, 12ರ ಹುಡುಗನಿಗೆ ಹಾಕಂಗಿಲ್ಲ. 18ರ ಒಳಗೆ 'ಮೈನರ್', ಕಾನೂನಿನ ಮಾತು. 'ಹೀ ಬಿಕೇಮ್ ಮೇಜರ್' ಅಂತ ಬರೆದ್ರೆ ಹೊರದೇಶದೋರು ಮಿಲಿಟರಿ ಸೇರಿದ ಅಂದ್ಕೋತಾರೆ, 'ಹೀ ಟರ್ನ್ಡ್ ಎಯ್ಟೀನ್' ಅನ್ನಿ. 'ಚೈಲ್ಡಿಶ್' ಬೈಗುಳ, ಹುಡುಗಾಟದೋನು ಅಂತ. 'ಚೈಲ್ಡ್‌ಲೈಕ್' ಹೊಗಳಿಕೆ, ಮಗುವಿನಂಥ ಮನಸ್ಸು ಅಂತ. ಸನ್ಮಾನ ಪತ್ರದಲ್ಲಿ ಇವೆರಡು ಅದಲುಬದಲಾದ್ರೆ ಶಾಲು ಹೊದ್ಕೊಂಡೋರ ಮುಖ ನೋಡೋಕಾಗಲ್ಲ. ನಮ್ಮ 'ಪ್ರಾಯ'ವೂ ಕಡಿಮೆ ಕಿತಾಪತಿ ಅಲ್ಲ, ಪ್ರಾಯದ ಹುಡುಗ ಅಂದ್ರೆ ಹರೆಯದೋನು, ಪ್ರಾಯ ಆಯ್ತು ಮಾರಾಯ್ರೇ ಅಂದ್ರೆ ಸೊಂಟ ನೋವು.

ಕೊನೇ ಹೆಜ್ಜೆ: ನಂಬರ್ ಹಾಕುವಾಗ

'ಐ ಆಮ್ ರನ್ನಿಂಗ್ ಟ್ವೆಂಟಿ ಸಿಕ್ಸ್' ಬೇಡ. ನಮಗೆ 26 ನಡೀತಿದೆ, ಇಂಗ್ಲಿಷಲ್ಲಿ ವಯಸ್ಸು ನಡೆಯಲ್ಲ, 'ಐ ಆಮ್ ಟ್ವೆಂಟಿ ಫೈವ್' ಅಂತ ತುಂಬಿದ್ದನ್ನೇ ಹೇಳ್ತಾರೆ. ಈ ನಡೆಯೋದು ತುಂಬೋದರ ಮಧ್ಯೆ ಬಯೋಡೇಟಾಗಳಲ್ಲಿ ಒಂದು ವರ್ಷ ಹೆಚ್ಚುಕಮ್ಮಿ ಆಗಿ ಜಾತಕದ ಜೊತೆ ತಾಳೆ ಆಗದೆ ಹೋಗೋದನ್ನ ನೋಡಿದೀನಿ, ಹುಟ್ಟಿದ ತಾರೀಕು ಬರೆದ್ರೆ ಒಳ್ಳೇದು.

'ಇಯರ್ಸ್ ಓಲ್ಡ್' ಮತ್ತೆ 'ಇಯರ್ ಓಲ್ಡ್' ಬೇರೆ. ವಾಕ್ಯದ ಕೊನೇಲಿ ಬಂದ್ರೆ ಎಸ್ ಇರುತ್ತೆ, 'ದಿ ಎಲಿಫೆಂಟ್ ಈಸ್ ಫಾರ್ಟಿ ಇಯರ್ಸ್ ಓಲ್ಡ್'. ಹೆಸರಿನ ಮುಂದೆ ನಿಂತ್ರೆ ಎಸ್ ಹೋಗುತ್ತೆ, ಮಧ್ಯೆ ಎರಡು ಗೆರೆ ಬರುತ್ತೆ, 'ಎ ಫಾರ್ಟಿ-ಇಯರ್-ಓಲ್ಡ್ ಎಲಿಫೆಂಟ್'. ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋಗಿ ಬಂದು ಪ್ರಬಂಧ ಬರೆಯೋ ಮಕ್ಕಳೆಲ್ಲ ಇಲ್ಲೇ ಮಾರ್ಕ್ಸ್ ಕಳ್ಕೊಳ್ಳೋದು. ಇಲ್ಲಿ ಓಲ್ಡ್ ಅಂದ್ರೆ ಮುದಿ ಅಂತ ಅಲ್ಲ, ಮೂರು ದಿನದ ಕರುವೂ 'ತ್ರೀ ಡೇಸ್ ಓಲ್ಡ್'.

ಸರಿಯಾದ ವಯಸ್ಸು ಬೇಡ ಅಂದ್ರೆ ದಶಕ ಹೇಳಿ, 'ಇನ್ ಹರ್ ಸಿಕ್ಸ್ಟೀಸ್'. 60ರಿಂದ 63ರ ಹತ್ರ 'ಅರ್ಲಿ ಸಿಕ್ಸ್ಟೀಸ್', ನಡುವೆ 'ಮಿಡ್', 67ರಿಂದ ಮೇಲೆ 'ಲೇಟ್ ಸಿಕ್ಸ್ಟೀಸ್'. ಈ ಲೇಟ್ ಪದಾನ ಮುಟ್ಟೋವಾಗ ಕೈ ನೋಡ್ಕೊಳ್ಳಿ. ದಶಕದ ಮುಂದೆ ಇದ್ರೆ ವಯಸ್ಸು, ಮನುಷ್ಯನ ಮುಂದೆ ಇದ್ರೆ ತೀರ್ಕೊಂಡೋರು. ಮೊನ್ನೆ ಒಬ್ಬ ಹುಡುಗ ರಜಾ ಅರ್ಜಿ ತಂದಿದ್ದ, ಅಪ್ಪನ್ನ ಮಣಿಪಾಲಕ್ಕೆ ತೋರಿಸೋಕೆ ಕರ್ಕೊಂಡು ಹೋಗ್ಬೇಕು ಅಂತ, ಎಲ್ಲೋ 'ಲೇಟ್ ಸೆವೆಂಟೀಸ್' ಅಂತ ಓದಿದ್ನಂತೆ, ಬರೆದಿದ್ದು 'ಮೈ ಲೇಟ್ ಫಾದರ್, ಸೆವೆಂಟಿ ಎಯ್ಟ್'. ನಾನು 'ಮೈ ಫಾದರ್, ಹೂ ಈಸ್ ಇನ್ ಹಿಸ್ ಲೇಟ್ ಸೆವೆಂಟೀಸ್' ಅಂತ ತಿದ್ದಿ ಪ್ರಿಂಟ್ ಕೊಡೋ ಹೊತ್ತಿಗೆ, ಹೊರಗೆ ಬೆಂಚಲ್ಲಿ ಕೂತು ಕವಳ ಹಾಕ್ತಿದ್ದ ಅಜ್ಜ ಒಳಗೆ ಇಣುಕಿ, 'ಆಯ್ತನಾ? ಬಸ್ಸಿಗೆ ಹೊತ್ತಾಯ್ತು' ಅಂದ್ರು.